ಆಕಳು, ಬೆಂಕಿ, ಸೂರ್ಯ ಒಂದೇ ದೊಡ್ಡಿಯಲ್ಲಿ

ಕಳೆದ ಸಂಚಿಕೆಯಲ್ಲಿ ಬೇರೊಂದು ಪ್ರಶ್ನೆಗೆ ಉತ್ತರಿಸುವಾಗ, ಪಶ್ಚಿಮ ಆಫ್ರಿಕಾದ ಫುಲಾ ಭಾಷೆಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಲಿಂಗಗಳಿವೆ ಎಂದು ಒಂದೇ ವಾಕ್ಯದಲ್ಲಿ ಹೇಳಿ ಮುಂದೆ ಸಾಗಿದ್ದೆ. ಆ ಒಂದು ವಾಕ್ಯಕ್ಕೆ ಬಂದಷ್ಟು ಪತ್ರಗಳು ಈ ಅಂಕಣದಲ್ಲಿ ಯಾವ ದೀರ್ಘ ಉತ್ತರಕ್ಕೂ ಬಂದಿರಲಿಲ್ಲ. ಆದ್ದರಿಂದ ಈ ಸಲದ ಪುಟಗಳನ್ನು ಪೂರ್ತಿಯಾಗಿ ಆ ವಿಷಯಕ್ಕೇ ಬಿಟ್ಟಿದ್ದೇನೆ. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿ ಉತ್ತರಿಸಿದ್ದೇನೆ.

ಪ್ರಶ್ನೆ: ಪುಲ್ಲಿಂಗ, ಸ್ತ್ರೀಲಿಂಗ, ನಪುಂಸಕಲಿಂಗ ಎಂದು ಮೂವತ್ತು ವರ್ಷ ಪಾಠ ಹೇಳಿದವನು ನಾನು. ಗಂಡು, ಹೆಣ್ಣು, ಎರಡೂ ಅಲ್ಲದ್ದು ಎಂಬ ಮೂರನ್ನು ಬಿಟ್ಟರೆ ನಾಲ್ಕನೆಯದೊಂದು ಇರುವುದಾದರೂ ಹೇಗೆ? ‘ಇಪ್ಪತ್ತು’ ಎಂಬುದು ಅಚ್ಚಿನ ತಪ್ಪಲ್ಲವೇ? (ನಿವೃತ್ತ ಕನ್ನಡ ಅಧ್ಯಾಪಕರು, ಆಳಂದ)

ಉತ್ತರ: ಅಚ್ಚಿನ ತಪ್ಪಲ್ಲ. ತಪ್ಪು ಇದ್ದರೆ ‘ಲಿಂಗ’ ಎಂಬ ಪದವನ್ನು ಯಾವ ವಿವರಣೆಯೂ ಇಲ್ಲದೆ ಬಳಸಿದ ನನ್ನದು, ಏಕೆಂದರೆ ನಿಮ್ಮ ಪ್ರಶ್ನೆ ಹುಟ್ಟಿರುವುದೇ ಆ ಪದದಿಂದ.

‘ಹುಡುಗಿ’ ಮತ್ತು ‘ಬಂಡಿ’ ಎಂಬ ಎರಡು ಪದಗಳನ್ನು ತೆಗೆದುಕೊಳ್ಳಿ. ಎರಡೂ ಇಕಾರದಲ್ಲಿ ಮುಗಿಯುತ್ತವೆ, ನೋಡಲು ಒಂದೇ ಬಗೆಯವು. ಆದರೆ ಹುಡುಗಿ ‘ಬಂದಳು’, ಬಂಡಿ ‘ಬಂದಿತು’. ಹುಡುಗಿ ‘ಒಬ್ಬಳು’, ಬಂಡಿ ‘ಒಂದು’. ಹುಡುಗಿಯರು ‘ಮೂವರು’, ಬಂಡಿಗಳು ‘ಮೂರು’. ಎಂದರೆ ನಾಮಪದವು ಯಾವ ಲಿಂಗಕ್ಕೆ ಸೇರಿದೆ ಎಂಬುದು ಅದರ ಮೈಮೇಲೆ ಬರೆದಿರುವುದಿಲ್ಲ, ಅದರ ಜೊತೆಗಾರ ಪದಗಳಾದ ಕ್ರಿಯಾಪದ, ಸರ್ವನಾಮ, ಸಂಖ್ಯಾವಾಚಕಗಳು ಅದಕ್ಕೆ ಹೇಗೆ ಹೊಂದಿಕೊಳ್ಳುತ್ತವೆ ಎಂಬುದರಿಂದ ತಿಳಿಯುತ್ತದೆ. ಭಾಷಾಶಾಸ್ತ್ರದಲ್ಲಿ ಲಿಂಗವೆಂದರೆ ಇಷ್ಟೇ: ಜೊತೆಗಾರ ಪದಗಳಲ್ಲಿ ಒಂದೇ ಬಗೆಯ ಬದಲಾವಣೆ ತರುವ ನಾಮಪದಗಳ ಗುಂಪು. ಗುಂಪುಗಳು ಎಷ್ಟಾದರೂ ಇರಬಹುದು, ಅವುಗಳಿಗೆ ಗಂಡು ಹೆಣ್ಣುಗಳೇ ಆಧಾರವಾಗಬೇಕೆಂಬ ನಿಯಮವಿಲ್ಲ. ಇಂಗ್ಲಿಷಿನ ‘ಜೆಂಡರ್’ ಎಂಬ ಪದ ಕೂಡ ‘ಬಗೆ, ಕುಲ’ ಎಂಬ ಅರ್ಥದ ಲ್ಯಾಟಿನ್ ‘ಗೆನುಸ್’ನಿಂದ ಬಂದದ್ದು. ಸಂಸ್ಕೃತದ ‘ಜನ’ ಶಬ್ದ ಅದರ ದಾಯಾದಿ.

ನಮ್ಮ ನೆರೆಯ ತಮಿಳಿನ ವ್ಯಾಕರಣಕಾರರು ಈ ಗೊಂದಲಕ್ಕೆ ಅವಕಾಶವನ್ನೇ ಕೊಡಲಿಲ್ಲ ಎಂಬುದು ನನಗೆ ಬಹಳ ಮೆಚ್ಚಿಗೆಯಾದ ಸಂಗತಿ. ‘ತೊಲ್ಕಾಪ್ಪಿಯಂ’ ನಾಮಪದಗಳನ್ನು ಮೊದಲು ‘ಉಯರ್ತಿಣೈ’, ‘ಅಃಱಿಣೈ’ ಎಂದು ಎರಡಾಗಿ ಒಡೆಯುತ್ತದೆ. ಒಂದು ಮನುಷ್ಯರಾದಿಯಾದ ಮೇಲಿನ ವರ್ಗ, ಇನ್ನೊಂದು ಉಳಿದುದೆಲ್ಲ. ಗಂಡು ಹೆಣ್ಣುಗಳ ಭೇದ ಬರುವುದು ಆಮೇಲೆ, ಮೇಲಿನ ವರ್ಗದ ಒಳಗೆ ಮಾತ್ರ. ಕನ್ನಡದ ವ್ಯವಸ್ಥೆಯೂ ವಸ್ತುತಃ ಇದೇ. ನಮ್ಮಲ್ಲಿ ಮೊದಲ ಪ್ರಶ್ನೆ ‘ಯಾರು’ ಎನ್ನಬೇಕೋ ‘ಏನು’ ಎನ್ನಬೇಕೋ ಎಂಬುದು, ಗಂಡೋ ಹೆಣ್ಣೋ ಎಂಬುದು ಎರಡನೆಯದು. ಬಹುವಚನಕ್ಕೆ ಬಂದೊಡನೆ ಎರಡನೆಯ ಪ್ರಶ್ನೆ ಬಿದ್ದೇ ಹೋಗುತ್ತದೆ, ‘ಅವರು’ ಮತ್ತು ‘ಅವು’ ಎಂಬ ಎರಡೇ ಉಳಿಯುತ್ತವೆ. ಹದಿಮೂರನೆಯ ಶತಮಾನದ ಕೇಶಿರಾಜನು ಸಂಸ್ಕೃತದಿಂದ ‘ಲಿಂಗ’ ಎಂಬ ಹೆಸರನ್ನು ತೆಗೆದುಕೊಂಡರೂ, ಕನ್ನಡದಲ್ಲಿ ಗಂಡಸರು ಪುಲ್ಲಿಂಗ, ಹೆಂಗಸರು ಸ್ತ್ರೀಲಿಂಗ, ಮಿಕ್ಕುದೆಲ್ಲ ನಪುಂಸಕ ಎಂದು ಸರಿಯಾಗಿ ಗುರುತಿಸಿದನು. ಸಂಸ್ಕೃತದಲ್ಲಾದರೋ ಹೆಂಡತಿ ಎಂಬ ಅರ್ಥದ ‘ಭಾರ್ಯಾ’ ಸ್ತ್ರೀಲಿಂಗ, ‘ದಾರ’ ಪುಲ್ಲಿಂಗ, ‘ಕಳತ್ರ’ ನಪುಂಸಕ. ಮನೆಯಲ್ಲಿರುವ ಹೆಂಡತಿ ಒಬ್ಬಳೇ ಆದರೂ ವ್ಯಾಕರಣದಲ್ಲಿ ಅವಳು ಮೂರು ಲಿಂಗ.

ಈಗ ಫುಲಾ ಭಾಷೆಗೆ ಬರೋಣ. ಸೆನೆಗಲ್, ಗಿನಿ ದೇಶಗಳಿಂದ ಹಿಡಿದು ಮಾಲಿ, ನೈಜರ್, ನೈಜೀರಿಯಾ, ಕ್ಯಾಮರೂನ್‌ಗಳ ಉದ್ದಕ್ಕೂ ಹಬ್ಬಿರುವ ಈ ಭಾಷೆಯನ್ನು ಪಶ್ಚಿಮದ ಕಡೆ ಪುಲಾರ್ ಎಂದೂ ಪೂರ್ವದ ಕಡೆ ಫುಲ್ಫುಲ್ದೆ ಎಂದೂ ಕರೆಯುತ್ತಾರೆ. ಅಲ್ಲಿ ಪ್ರತಿಯೊಂದು ನಾಮಪದವೂ ಒಂದು ಗುಂಪಿಗೆ ಸೇರಿದ್ದು, ಆ ಗುಂಪಿನ ಪ್ರತ್ಯಯ ಪದದ ಕೊನೆಗೆ ಅಂಟಿಕೊಂಡಿರುತ್ತದೆ. ಆ ಪ್ರತ್ಯಯದ ಸಂಬಂಧಿಯೇ ಆದ ಒಂದು ಪುಟ್ಟ ಪದ ‘ಆ’ ಎಂಬ ನಿರ್ದೇಶಕವಾಗಿಯೂ ‘ಅದು’ ಎಂಬ ಸರ್ವನಾಮವಾಗಿಯೂ ಕೆಲಸ ಮಾಡುತ್ತದೆ. ಮನೆಗೆ ‘ಸೂದು’ ಎನ್ನುತ್ತಾರೆ, ‘ಆ ಮನೆ’ ಎನ್ನಲು ‘ಸೂದು ನ್ದು’, ದೊಡ್ಡ ಮನೆಗೆ ‘ಸೂದು ಮವ್ನ್ದು’. ಕುದುರೆ ‘ಪುಚ್ಚು’, ದೊಡ್ಡ ಕುದುರೆ ‘ಪುಚ್ಚು ಮವ್ಙ್ಗು’. ‘ಅಂಗುಲ’ ಎನ್ನುವಾಗ ಮೊದಲ ಅಕಾರವನ್ನು ನುಂಗಿಬಿಟ್ಟರೆ ಉಳಿಯುವ ಧ್ವನಿಯನ್ನೇ ಇಲ್ಲಿ ‘ಙ್ಗು’ ಎಂದು ಬರೆದಿದ್ದೇನೆ. ಕನ್ನಡದಲ್ಲಿ ದೊಡ್ಡ ಹುಡುಗ, ದೊಡ್ಡ ಹುಡುಗಿ, ದೊಡ್ಡ ಮನೆ ಎಲ್ಲಕ್ಕೂ ‘ದೊಡ್ಡ’ ಒಂದೇ. ಅಲ್ಲಿ ಗುಣವಾಚಕವೂ ನಾಮಪದದ ಗುಂಪಿಗೆ ತಕ್ಕಂತೆ ವೇಷ ಬದಲಿಸಬೇಕು.

ಗುಂಪುಗಳಲ್ಲಿ ಕೆಲವಕ್ಕೆ ಅರ್ಥದ ಎಳೆ ಸ್ಪಷ್ಟವಾಗಿದೆ. ‘ಒ’ ಎಂಬುದು ಒಬ್ಬ ಮನುಷ್ಯನ ಗುಂಪು, ‘ಬೆ’ ಎಂಬುದು ಹಲವು ಮನುಷ್ಯರದು. ‘ಕಿ’ ಎಂಬುದರಲ್ಲಿ ಮರಗಳಿವೆ, ಮರಕ್ಕೆ ‘ಲೆಕ್ಕಿ’ ಎಂದೇ ಹೆಸರು. ‘ಡಂ’ ಎಂಬುದು ದ್ರವಗಳದು: ನೀರು ‘ನ್ದಿಯಂ’, ಹಾಲು ‘ಕೊಸಂ’, ಎಣ್ಣೆ ಬೆಣ್ಣೆಗಳು ‘ನೆಬ್ಬಂ’. ಉಪ್ಪನ್ನು ಕೂಡ ಹಲವು ಕಡೆ ‘ಲಮ್ಡಂ’ ಎಂದು ಇದೇ ಗುಂಪಿಗೆ ಹಾಕುತ್ತಾರೆ. ‘ಙ್ಗೆಲ್’ ಎಂಬುದು ಸಣ್ಣದಾದ ಯಾವುದಕ್ಕಾದರೂ ಸಲ್ಲುವ ಗುಂಪು: ‘ಗೊರ್ಕೊ’ ಎಂದರೆ ಗಂಡಸು, ‘ಗೊರೆಲ್’ ಎಂದರೆ ಕುಳ್ಳ. ದೊಡ್ಡದನ್ನು ಇನ್ನಷ್ಟು ದೊಡ್ಡದು ಮಾಡಿ ಹೇಳುವ ಗುಂಪೂ ಬೇರೆ ಇದೆ. ಒಂದು ಪದ ಹುಟ್ಟಿದ ಗುಂಪಿನಲ್ಲೇ ಸಾಯಬೇಕೆಂದಿಲ್ಲ, ಮಾತನಾಡುವವನ ಮನಸ್ಸಿಗೆ ತಕ್ಕಂತೆ ಗುಂಪು ಬದಲಿಸಿಕೊಳ್ಳಬಹುದು ಎಂಬುದು ಇದರಿಂದ ಗೊತ್ತಾಗುತ್ತದೆ. ಆದರೆ ಎಲ್ಲ ಗುಂಪುಗಳೂ ಹೀಗಿಲ್ಲ. ಮನೆ ಇರುವ ‘ನ್ದು’ ಗುಂಪಿನಲ್ಲೇ ನಾಯಿ ‘ರವಾನ್ದು’, ಕೋತಿ ‘ವಾನ್ದು’, ಹಕ್ಕಿ ‘ಸೊನ್ದು’, ಗಾಳಿ ‘ಹೆನ್ದು’ ಇವೆ. ಮನೆಗೂ ಕೋತಿಗೂ ಏನು ನಂಟು ಎಂದು ಕೇಳಿದರೆ, ನಂಟು ಈ ‘ನ್ದು’ ಮಾತ್ರ ಎಂದು ಉತ್ತರಿಸಬೇಕಾಗುತ್ತದೆ.

ಪದ ಏಕವಚನದಿಂದ ಬಹುವಚನಕ್ಕೆ ಹೋದಾಗ ಕೊನೆಯಷ್ಟೇ ಅಲ್ಲ, ತಲೆಯೂ ಬದಲಾಗುತ್ತದೆ ಎಂಬುದು ಈ ಭಾಷೆಯ ಇನ್ನೊಂದು ಸೋಜಿಗ. ಗಂಡಸು ‘ಗೊರ್ಕೊ’, ಗಂಡಸರು ‘ವೊರ್ಬೆ’. ಹೆಂಗಸು ‘ದೆಬ್ಬೊ’, ಹೆಂಗಸರು ‘ರೆವ್ಬೆ’. ಮನೆ ‘ಸೂದು’, ಮನೆಗಳು ‘ಚೂಡಿ’. ತಲೆ ‘ಹೋರೆ’, ತಲೆಗಳು ‘ಕೊಎ’. ಈ ಜನಾಂಗದ ಹೆಸರೇ ಒಬ್ಬನಿದ್ದರೆ ‘ಪುಲ್ಲೊ’, ಹಲವರಿದ್ದರೆ ‘ಫುಲ್ಬೆ’. ಹಳಗನ್ನಡದ ಪಕಾರ ಹೊಸಗನ್ನಡದಲ್ಲಿ ಹಕಾರವಾಗಲು ಶತಮಾನಗಳು ಬೇಕಾದವು, ಇವರು ಅಂಥ ಬದಲಾವಣೆಯನ್ನು ಒಂದೇ ವಾಕ್ಯದೊಳಗೆ ಹಲವು ಸಲ ಮಾಡಿ ಮುಗಿಸುತ್ತಾರೆ.

‘ಇಪ್ಪತ್ತಕ್ಕೂ ಹೆಚ್ಚು’ ಎಂಬುದು ಏಕವಚನದ ಗುಂಪುಗಳನ್ನೂ ಬಹುವಚನದ ಗುಂಪುಗಳನ್ನೂ ಬೇರೆ ಬೇರೆಯಾಗಿ ಎಣಿಸಿದ ಲೆಕ್ಕ, ಅದು ಪ್ರಾಂತಕ್ಕೆ ತಕ್ಕಂತೆ ಹೆಚ್ಚು ಕಡಿಮೆಯಾಗುತ್ತದೆ. ಆಫ್ರಿಕಾದ ಭಾಷೆಗಳ ಅಧ್ಯಯನದಲ್ಲಿ ಹೀಗೆ ಎಣಿಸುವುದೇ ರೂಢಿ. ಅದೇ ಕ್ರಮದಲ್ಲಿ ಎಣಿಸಿದರೆ ಕನ್ನಡಕ್ಕೂ ಅವನು, ಅವಳು, ಅದು, ಅವರು, ಅವು ಎಂದು ಐದು ಗುಂಪುಗಳಾಗುತ್ತವೆ. ನೀವು ಮೂವತ್ತು ವರ್ಷ ಹೇಳಿದ ಪಾಠದಲ್ಲಿ ತಪ್ಪೇನೂ ಇಲ್ಲ, ಎಣಿಕೆಯ ಕ್ರಮ ಬೇರೆ.

ಪ್ರಶ್ನೆ: ನಮ್ಮದು ದೇವಣಿ ದನಗಳನ್ನು ಸಾಕುವ ಮನೆತನ. ಫುಲಾ ಜನರೂ ದನಗಾಹಿಗಳು ಎಂದು ಓದಿದ್ದೇನೆ. ಅವರ ಭಾಷೆಯಲ್ಲಿ ಆಕಳಿಗೆ ಪ್ರತ್ಯೇಕ ಲಿಂಗವೇ ಇದೆಯಂತೆ, ನಿಜವೇ? (ರೈತರು, ಔರಾದ)

ಉತ್ತರ: ಬಹುಮಟ್ಟಿಗೆ ನಿಜ. ಆಕಳಿಗೆ ಫುಲಾದಲ್ಲಿ ‘ನಗ್ಗೆ’ ಎನ್ನುತ್ತಾರೆ, ಅದರ ಗುಂಪು ‘ಙ್ಗೆ’. ಬೇರೆ ಎಷ್ಟೋ ಗುಂಪುಗಳಲ್ಲಿ ನೂರಾರು ಪದಗಳಿದ್ದರೆ ಈ ಗುಂಪಿನಲ್ಲಿರುವವು ಬೆರಳೆಣಿಕೆಯವು. ಆಕಳನ್ನು ಬಿಟ್ಟರೆ ಮುಖ್ಯವಾದವು ಸೂರ್ಯ ‘ನಾಂಗೆ’ ಮತ್ತು ಬೆಂಕಿ ‘ಯೀತೆ’. ‘ನಾನು ಅದನ್ನು ನೋಡಿದೆ’ ಎಂಬುದನ್ನು ಒಬ್ಬ ಫುಲಾ ದನಗಾಹಿ ‘ಮಿ ಯಿಇ ಙ್ಗೆ’ ಎಂದು ಹೇಳಿದರೆ, ಕೇಳಿದವನಿಗೆ ಅದು ನಾಯಿಯಲ್ಲ, ಕುದುರೆಯಲ್ಲ, ಮರವಲ್ಲ ಎಂಬುದು ಸರ್ವನಾಮದಿಂದಲೇ ತಿಳಿಯುತ್ತದೆ. ಕಾಡಿನಲ್ಲಿ ತಪ್ಪಿಸಿಕೊಂಡ ದನ ಹುಡುಕುವವರಿಗೆ ಇದಕ್ಕಿಂತ ಉಪಯುಕ್ತವಾದ ವ್ಯಾಕರಣ ಬೇಕೇ?

ದನದ ಮೈಬಣ್ಣವನ್ನು ಹೇಳುವ ಪದಕ್ಕೆ ಈ ಗುಂಪಿನ ಪ್ರತ್ಯಯ ಹಚ್ಚಿದರೆ ಸಾಕು, ‘ಆಕಳು’ ಎಂಬ ಪದವನ್ನು ಉಚ್ಚರಿಸದೆಯೇ ‘ಇಂಥ ಬಣ್ಣದ ಆಕಳು’ ಎಂಬ ಅರ್ಥ ಬರುತ್ತದೆ. ನೀವು ‘ಕೆಂದಿ’, ‘ಕಪಿಲೆ’ ಎಂದು ಕರೆಯುವಾಗ ಮಾಡುವುದೂ ಇದನ್ನೇ, ಆದರೆ ನಿಮ್ಮಲ್ಲಿ ಅದು ಹೆಸರಿಡುವ ರೂಢಿ, ಅವರಲ್ಲಿ ವ್ಯಾಕರಣದ ಯಂತ್ರ. ಹೋರಿ ಮಾತ್ರ ಈ ಗುಂಪಿನಲ್ಲಿಲ್ಲ. ಅದು ‘ಙ್ಗಾರಿ’, ಅದರ ಗುಂಪು ‘ನ್ದಿ’. ಆ ಗುಂಪಿನಲ್ಲಿ ಜೋಳ ಸಜ್ಜೆಗಳಂಥ ಧಾನ್ಯವಾದ ‘ಗವ್ರಿ’ಯೂ ನೆಲವೆಂಬ ಅರ್ಥದ ‘ಲೆಯ್ದಿ’ಯೂ ಇವೆ.

ಆಕಳು, ಬೆಂಕಿ, ಸೂರ್ಯಗಳು ಒಂದೇ ದೊಡ್ಡಿಯಲ್ಲಿ ಇರುವುದು ಕಂಡು, ಇದು ಪ್ರಾಚೀನ ಆರಾಧನೆಯ ಕುರುಹು ಎಂದು ಊಹಿಸಿದವರಿದ್ದಾರೆ. ಹೊತ್ತು ಮುಳುಗುವ ವೇಳೆಗೆ ಬೆಂಕಿ ಹಾಕಿ ಅದರ ಸುತ್ತ ದನಗಳನ್ನು ಕೂಡಿಹಾಕುವ ಜನಕ್ಕೆ ಈ ಮೂರೂ ಒಟ್ಟಿಗೆ ನೆನಪಾಗುವುದು ಸಹಜವೆಂದು ನನಗೂ ಅನ್ನಿಸುತ್ತದೆ. ಆದರೆ ಅನ್ನಿಸಿಕೆಯನ್ನು ಪುರಾವೆ ಎಂದು ತಿಳಿಯಬಾರದು. ಮನೆ ಮತ್ತು ಕೋತಿಗಳ ಗುಂಪಿಗೆ ಇಂಥ ಸುಂದರ ಕಥೆ ಕಟ್ಟಲು ಯಾರೂ ಮುಂದೆ ಬಂದಿಲ್ಲ ಎಂಬುದನ್ನೂ ನೆನಪಿಡಬೇಕು.

ಇನ್ನೊಂದು ಮಾತು ನಿಮ್ಮಂಥವರಿಗೆ ಹೇಳಬೇಕು. ಆಕಳು, ಹೋರಿ, ಎತ್ತು, ಎಮ್ಮೆ, ಕೋಣ, ಆಡು, ಹೋತ, ಟಗರು ಎಂದು ಗಂಡು ಹೆಣ್ಣುಗಳಿಗೆ ಬೇರೆ ಬೇರೆ ಹೆಸರಿಟ್ಟು ಕರೆಯುವ ಕನ್ನಡ, ವ್ಯಾಕರಣಕ್ಕೆ ಬಂದಾಗ ಇಷ್ಟೂ ಪ್ರಾಣಿಗಳನ್ನು ‘ಅದು’ ಎಂಬ ಒಂದೇ ಹಗ್ಗದಿಂದ ಕಟ್ಟುತ್ತದೆ. ನಮ್ಮ ಭಾಗದಲ್ಲಿ ಆಕಳವೂ ‘ಬಂದದ’, ಹೋರಿಯೂ ‘ಬಂದದ’. ಹೆಸರಿಟ್ಟು ಸಾಕಿದ ಗೌರಿ ಮಾತ್ರ ‘ಬಂದಾಳ’.

ಪ್ರಶ್ನೆ: ಸೊಲ್ಲಾಪುರದ ನೆಂಟರ ಮುಂದೆ ‘ಬಸ್ ಆಯಾ’ ಎಂದರೆ ಅವರು ನಗುತ್ತಾರೆ, ‘ಬಸ್ ಆಯೀ’ ಎನ್ನಬೇಕಂತೆ. ಬಸ್ಸು ಹೆಣ್ಣು ಎಂದು ತಿಳಿಯುವುದು ಹೇಗೆ? ಆಫ್ರಿಕಾದಲ್ಲಿಯೂ ಇಂಥ ಕಾಟ ಇದೆಯೇ? (ಪದವಿ ವಿದ್ಯಾರ್ಥಿನಿ, ಕಲಬುರಗಿ)

ಉತ್ತರ: ತಿಳಿಯುವ ದಾರಿ ಇಲ್ಲ, ಕಲಿಯುವ ದಾರಿ ಮಾತ್ರ ಇದೆ. ಕನ್ನಡದವರು ಲಿಂಗ ತಿಳಿಯಲು ವಸ್ತುವನ್ನು ನೋಡುತ್ತಾರೆ, ಉರ್ದು ಮರಾಠಿಗಳವರು ಪದವನ್ನು ನೋಡುತ್ತಾರೆ. ಹಿಂದಿಯಲ್ಲಿ ಸ್ತ್ರೀಲಿಂಗವಾದ ‘ಪುಸ್ತಕ’ ಮರಾಠಿಯಲ್ಲಿ ನಪುಂಸಕವಾಗುತ್ತದೆ, ಪುಸ್ತಕ ಎರಡೂ ಕಡೆ ಅದೇ. ಬಸ್ಸಿನಲ್ಲಿ ಹೆಣ್ಣುತನವನ್ನು ಹುಡುಕಿದರೆ ನಿಮಗೆ ಏನೂ ಸಿಗದು. ನಿಮ್ಮ ಮನಸ್ಸಿಗೆ ಸಮಾಧಾನವಾಗುವಂತೆ ಒಂದು ಮಾತು ಹೇಳಬೇಕೆಂದರೆ, ನಮ್ಮ ಊರಿನ ದಖನಿ ಮಾತಿನಲ್ಲೇ ಈ ಕಟ್ಟು ದಿಲ್ಲಿ, ಲಖನೌಗಳ ಉರ್ದುವಿಗಿಂತ ಸಡಿಲ. ಅಲ್ಲಿಯವರ ‘ಮೈಂನೇ ರೋಟೀ ಖಾಯೀ’ ಎಂಬುದರಲ್ಲಿಯ ‘ನೇ’ಯನ್ನು ದಖನಿ ಬಹುಕಾಲದ ಹಿಂದೆಯೇ ಕೈಬಿಟ್ಟಿದೆ, ಆದ್ದರಿಂದ ಕ್ರಿಯಾಪದವು ರೊಟ್ಟಿಯ ಲಿಂಗವನ್ನು ವಿಚಾರಿಸುವ ಅಗತ್ಯವೂ ತಪ್ಪಿದೆ.

ಆಫ್ರಿಕಾದಲ್ಲಿ ನಿಮಗೆ ಸರಿಯಾದ ಜೊತೆ ಎಂದರೆ ಹೌಸಾ ಭಾಷೆ. ಉತ್ತರ ನೈಜೀರಿಯಾ ಮತ್ತು ದಕ್ಷಿಣ ನೈಜರ್ ದೇಶಗಳಲ್ಲಿ ಫುಲಾ ಜನರ ಪಕ್ಕದಲ್ಲೇ, ಎಷ್ಟೋ ಊರುಗಳಲ್ಲಿ ಅವರೊಂದಿಗೆ ಬೆರೆತೇ ಹೌಸಾ ಜನ ಇದ್ದಾರೆ. ಆದರೆ ಭಾಷೆಯ ಕುಲ ಮಾತ್ರ ಬೇರೆ. ಹೌಸಾ ಅರಬ್ಬಿಯ ದೂರದ ಬಳಗ, ಅದರಲ್ಲಿ ಪುಲ್ಲಿಂಗ, ಸ್ತ್ರೀಲಿಂಗ ಎರಡೇ. ‘ಅವನು ಬಂದ’ ಎನ್ನಲು ‘ಯ ಜ಼ೊ’, ‘ಅವಳು ಬಂದಳು’ ಎನ್ನಲು ‘ತ ಜ಼ೊ’, ‘ಅವರು ಬಂದರು’ ಎನ್ನಲು ‘ಸುನ್ ಜ಼ೊ’. ಬಹುವಚನದಲ್ಲಿ ಕನ್ನಡದಂತೆಯೇ ಗಂಡು ಹೆಣ್ಣು ಭೇದವಿಲ್ಲ. ಆದರೆ ಎದುರಿಗಿರುವವರನ್ನು ‘ನೀನು’ ಎನ್ನುವಾಗ ಕೂಡ ಗಂಡಸಿಗೆ ‘ಕೈ’, ಹೆಂಗಸಿಗೆ ‘ಕೆ’ ಎಂದು ಬೇರೆ ಬೇರೆ ಹೇಳಬೇಕು. ಎದುರಿಗೆ ನಿಂತವರು ಯಾರೆಂದು ಕಣ್ಣಿಗೆ ಕಾಣುತ್ತಿರುವಾಗ ಇದೇಕೆ ಬೇಕಿತ್ತು ಎಂದು ಕನ್ನಡಿಗರಿಗೆ ಅನ್ನಿಸುವುದು ಸಹಜ.

ನಿರ್ಜೀವ ವಸ್ತುಗಳೂ ಈ ಎರಡರಲ್ಲಿ ಒಂದಾಗಲೇಬೇಕು. ಮನೆ ‘ಗಿದಾ’ ಪುಲ್ಲಿಂಗ, ಟೊಪ್ಪಿಗೆ ‘ಹೂಲಾ’ ಸ್ತ್ರೀಲಿಂಗ. ಅರಸನ ಮನೆ ‘ಗಿದನ್ ಸರ್ಕಿ’, ಅರಸನ ಟೊಪ್ಪಿಗೆ ‘ಹೂಲರ್ ಸರ್ಕಿ’. ‘ಬಾದಶಾ ಕಾ ಘರ್’, ‘ಬಾದಶಾ ಕೀ ಟೋಪೀ’ ಎಂಬಲ್ಲಿ ‘ಕಾ’, ‘ಕೀ’ ಮಾಡುವ ಕೆಲಸವನ್ನೇ ಇಲ್ಲಿ ‘ನ್’ ಮತ್ತು ‘ರ್’ ಮಾಡುತ್ತಿವೆ. ಆಕಾರದಲ್ಲಿ ಮುಗಿಯುವ ಪದಗಳು ಹೆಚ್ಚಾಗಿ ಸ್ತ್ರೀಲಿಂಗವೆಂಬ ಒಂದು ಸುಳಿವು ಸಿಗುತ್ತದೆ. ಅದನ್ನು ನಂಬಿದವರಿಗೆ ಈಗ ಹೇಳಿದ ‘ಗಿದಾ’ದ ಜೊತೆಗೆ, ನೀರೆಂಬ ‘ರುವಾ’, ಚಂದ್ರನೆಂಬ ‘ವತಾ’ ಮುಂತಾದ ದಿನಬಳಕೆಯ ಪದಗಳು ಪುಲ್ಲಿಂಗವಾಗಿ ಕಾಲು ಎಳೆಯುತ್ತವೆ. ಸೂರ್ಯ ‘ರಾನಾ’ ಸ್ತ್ರೀಲಿಂಗ. ಅರಬ್ಬಿಯಲ್ಲೂ ಸೂರ್ಯನ ‘ಶಮ್ಸ್’ ಸ್ತ್ರೀಲಿಂಗ, ಚಂದ್ರನ ‘ಖಮರ್’ ಪುಲ್ಲಿಂಗ ಎಂಬುದನ್ನು ನಿಮ್ಮ ಉರ್ದು ಬಲ್ಲ ಗೆಳತಿಯರು ಹೇಳಿಯಾರು.

ಸೊಲ್ಲಾಪುರದ ನೆಂಟರು ಇನ್ನೊಮ್ಮೆ ನಕ್ಕರೆ, ‘ಒಬ್ಬ’, ‘ಒಬ್ಬಳು’, ‘ಒಂದು’, ‘ಇಬ್ಬರು’, ‘ಎರಡು’ ಇವುಗಳನ್ನು ತಪ್ಪಿಲ್ಲದೆ ಬಳಸಿ ತೋರಿಸಿ ಎಂದು ಕೇಳಿ ನೋಡಿ. ‘ಎರಡು ಮಾಮಾ ಬಂದಾರ’ ಎಂಬ ವಾಕ್ಯವನ್ನು ನಾನು ಆ ಕಡೆಯವರ ಬಾಯಿಂದ ಎಷ್ಟೋ ಸಲ ಕೇಳಿದ್ದೇನೆ.

ಪ್ರಶ್ನೆ: ಬೀದರಿನ ಹಬ್ಶಿ ಕೋಟೆಯ ಗುಮ್ಮಟಗಳನ್ನು ನೋಡಿದಾಗಲೆಲ್ಲ, ಆ ಹಬ್ಶಿಗಳು ಇಲ್ಲಿಗೆ ಯಾವ ಭಾಷೆ ತಂದಿದ್ದರು ಎಂಬ ಕುತೂಹಲ ಹುಟ್ಟುತ್ತದೆ. ಅದು ಫುಲಾ ಆಗಿರಬಹುದೇ? (ವ್ಯಾಪಾರಿಗಳು, ಬೀದರ್)

ಉತ್ತರ: ಆಗಿರಲಾರದು. ‘ಹಬಶ್’ ಎಂಬುದು ಅಬಿಸೀನಿಯಾ, ಎಂದರೆ ಇಂದಿನ ಇಥಿಯೋಪಿಯಾ ಭಾಗದ ಅರಬ್ಬಿ ಹೆಸರು. ದಖನಿಗೆ ಬಂದ ಹಬ್ಶಿಗಳು ಬಹುಪಾಲು ಕೆಂಪು ಸಮುದ್ರ ಮತ್ತು ಹಿಂದೂ ಮಹಾಸಾಗರದ ದಂಡೆಯ ಪೂರ್ವ ಆಫ್ರಿಕಾದವರು, ಫುಲಾ ಹುಟ್ಟಿದ್ದು ಅಟ್ಲಾಂಟಿಕ್ ಕಡೆಯ ಸೆನೆಗಲ್ ಪ್ರಾಂತದಲ್ಲಿ. ಆಫ್ರಿಕಾ ಒಂದು ಖಂಡ, ಒಂದು ಊರಲ್ಲ. ಇಥಿಯೋಪಿಯಾದ ಅಮ್ಹಾರಿಕ್ ಭಾಷೆಯಲ್ಲಿ ಇರುವುದು ಅರಬ್ಬಿ, ಹೌಸಾಗಳಲ್ಲಿರುವಂಥ ಎರಡು ಲಿಂಗಗಳ ವ್ಯವಸ್ಥೆ. ಅಲ್ಲಿಯೂ ಗಂಡಸಿನ ‘ನೀನು’ ಬೇರೆ, ಹೆಂಗಸಿನ ‘ನೀನು’ ಬೇರೆ.

ಪ್ರಶ್ನೆ: ನಮ್ಮ ಶಾಲೆಯ ಮಕ್ಕಳಿಗೆ ಹಿಂದಿಯ ಎರಡು ಲಿಂಗ ಕಲಿಸುವುದರಲ್ಲೇ ಸಾಕಾಗುತ್ತದೆ. ಫುಲಾ ಮಕ್ಕಳು ಇಪ್ಪತ್ತನ್ನು ಹೇಗೆ ಕಲಿಯುತ್ತಾರೆ? ಹೊಸದಾಗಿ ಬಂದ ಪರಭಾಷೆಯ ಪದಗಳನ್ನು ಯಾವ ಗುಂಪಿಗೆ ಹಾಕುತ್ತಾರೆ, ಯಾರು ತೀರ್ಮಾನಿಸುತ್ತಾರೆ? (ಪ್ರಾಥಮಿಕ ಶಾಲಾ ಶಿಕ್ಷಕಿ, ಸೇಡಂ)

ಉತ್ತರ: ನಿಮ್ಮ ಶಾಲೆಯ ಮಕ್ಕಳು ‘ಮರಕ್ಕೆ’, ‘ಮನೆಗೆ’, ‘ಊರಿಗೆ’, ‘ಅಣ್ಣನಿಗೆ’ ಎಂಬ ನಾಲ್ಕು ರೂಪಗಳನ್ನು ಕಲಿತ ರೀತಿಯಲ್ಲೇ. ‘ಮರ’ ಮತ್ತು ‘ಅಣ್ಣ’ ಎರಡೂ ಅಕಾರಾಂತವಾದರೂ ಒಂದು ಮಗು ‘ಮರನಿಗೆ’ ಎಂದೋ ‘ಅಣ್ಣಕ್ಕೆ’ ಎಂದೋ ಹೇಳುವುದು ಅಪರೂಪ. ಮನುಷ್ಯರ ಗುಂಪಿನ ಅಕಾರಾಂತ ಪದ ಒಂದು ದಾರಿ, ವಸ್ತುಗಳ ಗುಂಪಿನ ಅಕಾರಾಂತ ಪದ ಇನ್ನೊಂದು ದಾರಿ ಹಿಡಿಯುತ್ತದೆ ಎಂಬ ನಿಯಮವನ್ನು ಯಾರೂ ಅವರಿಗೆ ಹೇಳಿಕೊಟ್ಟಿಲ್ಲ, ಹೇಳಲು ಬಹುತೇಕ ತಾಯಿಯರಿಗೆ ಬರುವುದೂ ಇಲ್ಲ. ಫುಲಾ ಮಗುವಿಗೆ ಒಂದು ಅನುಕೂಲವೂ ಇದೆ. ‘ಸೂದು ನ್ದು’ ಎಂಬಲ್ಲಿಯಂತೆ ಪದದ ಕೊನೆಯೂ ಅದರ ಹಿಂದೆ ಬರುವ ಪುಟ್ಟ ಪದವೂ ಪ್ರಾಸದಂತೆ ಕಿವಿಗೆ ಬೀಳುತ್ತವೆ. ಹಿಂದಿಯ ‘ಮೇಜ್’ ಸ್ತ್ರೀಲಿಂಗವೆಂದು ಅದರ ಧ್ವನಿಯಿಂದ ಊಹಿಸಲು ನಿಮ್ಮ ಮಕ್ಕಳಿಗೆ ಯಾವ ಸಹಾಯವೂ ಇಲ್ಲ, ಆದ್ದರಿಂದ ಅವರನ್ನು ದಂಡಿಸಬೇಡಿ.

ಪರಭಾಷೆಯ ಪದಗಳ ವಿಚಾರ ಸ್ವಾರಸ್ಯವಾದದ್ದು. ನಮ್ಮ ಭಾಗದಲ್ಲಿ ‘ದಫ್ತರ’ ಎಂಬ ಪದ ಎಲ್ಲರಿಗೂ ಗೊತ್ತು, ಅರಬ್ಬಿ ಪಾರಸಿಗಳ ಮೂಲಕ ನಮ್ಮ ಕಚೇರಿಗೆ ಬಂದದ್ದು. ಅದೇ ಅರಬ್ಬಿ ಪದ ಮದರಸಾಗಳ ಮೂಲಕ ಫುಲಾ ಭಾಷೆಗೂ ಹೋಯಿತು, ‘ದೆಫ್ತೆರೆ’ ಎಂದಾಯಿತು, ಪುಸ್ತಕ ಎಂದು ಅರ್ಥ. ಆದರೆ ಫುಲಾ ಕಿವಿಗೆ ಕೊನೆಯ ‘ರೆ’ ಎಂಬುದು ತಲೆ ಎಂಬ ‘ಹೋರೆ’ಯಲ್ಲಿಯೂ, ಕಣ್ಣು ಎಂಬ ‘ಯಿತೆರೆ’ಯಲ್ಲಿಯೂ ಇರುವ ಗುಂಪಿನ ಪ್ರತ್ಯಯದಂತೆ ಕೇಳಿಸಿತು. ಆದ್ದರಿಂದ ಬಹುವಚನ ಮಾಡುವಾಗ ಆ ‘ರೆ’ಯನ್ನು ಕತ್ತರಿಸಿ ‘ದೆಫ್ತೆ’ ಎಂದರು. ಅರಬ್ಬಿಯವರಿಗೆ ಮೂಲ ಧಾತುವಿನ ಭಾಗವೇ ಆಗಿದ್ದ ರಕಾರ ಹೀಗೆ ಹೊಸ ಮನೆಯಲ್ಲಿ ಬರಿಯ ಬಾಲವಾಯಿತು. ಪೂರ್ವ ಆಫ್ರಿಕಾದ ಸ್ವಾಹಿಲಿಯಲ್ಲಿ ನಾವು ಬಲ್ಲ ‘ಕಿತಾಬ್’ಗೂ ಇದೇ ಗತಿ ಬಂತು, ಅಲ್ಲಿ ‘ಕಿ’ ಎಂಬುದು ಒಂದು ಗುಂಪಿನ ಪೂರ್ವಪ್ರತ್ಯಯವಾದ್ದರಿಂದ ಒಂದು ಪುಸ್ತಕ ‘ಕಿತಾಬು’, ಹಲವು ಪುಸ್ತಕಗಳು ‘ವಿತಾಬು’.

ಹೀಗೆ ಬಾಲ ಹೊಂದದ ಎಷ್ಟೋ ಹೊಸ ಪದಗಳನ್ನು ಫುಲಾ ಜನ ‘ಒ’ ಎಂಬ ಮನುಷ್ಯರ ಗುಂಪಿಗೇ ಸೇರಿಸಿಬಿಡುತ್ತಾರೆ. ನಗರದಿಂದ ಬಂದ ಯಂತ್ರ, ವಾಹನಗಳಿಗೆಲ್ಲ ಅಲ್ಲೇ ಜಾಗ. ಆಕಳಿಗೂ ಸಿಗದ ಸರ್ವನಾಮ ಮೋಟಾರು ಗಾಡಿಗೆ ಸಿಕ್ಕಿತು! ಯಾರು ತೀರ್ಮಾನಿಸುತ್ತಾರೆ ಎಂದು ಕೇಳಿದ್ದೀರಿ. ಬಸ್ಸು ‘ಆಯೀ’ ಎಂದು ಸೊಲ್ಲಾಪುರದಲ್ಲಿ ಯಾರು ತೀರ್ಮಾನಿಸಿದರೋ ಅವರೇ, ಎಂದರೆ ಮಾತನಾಡುವ ಜನ.

ಸೆನೆಗಲ್‌ನ ವೊಲೊಫ್ ಭಾಷೆ ಫುಲಾದ ಹತ್ತಿರದ ಸಂಬಂಧಿ. ಅಲ್ಲಿ ನಾಮಪದಕ್ಕೆ ಬಾಲ ಉದುರಿಹೋಗಿದೆ, ಗುಂಪನ್ನು ಹೇಳುವುದು ಹಿಂದೆ ಬರುವ ನಿರ್ದೇಶಕ ಮಾತ್ರ. ಮರಕ್ಕೆ ‘ಗರಬ್ ಗಿ’, ನೀರಿಗೆ ‘ನ್ದೊಖ್ ಮಿ’, ಮಗುವಿಗೆ ‘ಖಲೆ ಬಿ’. ಹೊಸ ಪದಗಳು ಹೆಚ್ಚಾಗಿ ‘ಬಿ’ ಗುಂಪಿಗೆ ಹೋಗುತ್ತವೆ. ‘ಕಿ’ ಗುಂಪಿನಲ್ಲಂತೂ ‘ನಿತ್’ ಎಂಬ ಮನುಷ್ಯ ಮತ್ತು ‘ಕೆಫ್’ ಎಂಬ ವಸ್ತು ಇಬ್ಬರೇ ಒಬ್ಬರ ಮುಖ ಒಬ್ಬರು ನೋಡುತ್ತ ಕುಳಿತಂತಿದೆ.

ಪ್ರಶ್ನೆ: ಫುಲಾದಲ್ಲಿ ‘ಅವನು’, ‘ಅವಳು’ ಎರಡಕ್ಕೂ ಒಂದೇ ಪದ ಎಂದಾದರೆ ಅಲ್ಲಿ ಹೆಣ್ಣು ಗಂಡುಗಳನ್ನು ಸಮಾನವಾಗಿ ಕಾಣುತ್ತಾರೆ ಎಂದು ತಿಳಿಯಬಹುದೇ? ಲಿಂಗಭೇದ ಇರುವ ಭಾಷೆ ಹೆಚ್ಚು ಮುಂದುವರಿದದ್ದು ಎಂದು ಎಲ್ಲೋ ಓದಿದ ನೆನಪು, ಅದು ಸರಿಯೇ? (ವಕೀಲರು, ಸುರಪುರ)

ಉತ್ತರ: ಎರಡನೆಯದನ್ನು ಮೊದಲು ಮುಗಿಸುತ್ತೇನೆ. ನೀವು ಓದಿದ್ದು ಒಂದು ಹಳೆಯ ಯುರೋಪಿನ ಭ್ರಮೆಯ ಉಳಿಕೆ. 1912ರಲ್ಲಿ ಜರ್ಮನಿಯ ಕಾರ್ಲ್ ಮೈನ್‌ಹೋಫ್ ಎಂಬ ವಿದ್ವಾಂಸನು, ಗಂಡು ಹೆಣ್ಣು ಭೇದವುಳ್ಳ ಭಾಷೆಗಳು ಉತ್ತರದಿಂದ ಬಂದ ಶ್ರೇಷ್ಠ ದನಗಾಹಿ ಜನಾಂಗವೊಂದರ ಕೊಡುಗೆ ಎಂಬ ನಂಬಿಕೆಯಿಂದ, ಫುಲಾವನ್ನು ಅದರ ನೆರೆಹೊರೆಯ ಭಾಷೆಗಳಿಂದ ಕಿತ್ತು ಆ ‘ಹ್ಯಾಮಿಟಿಕ್’ ಪಂಗಡಕ್ಕೆ ಸೇರಿಸಿದನು. ಫುಲಾ ಜನರ ಮೈಕಟ್ಟು, ಅವರ ದನಗಳು ಆತನ ಕಣ್ಣಿಗೆ ಬಿದ್ದವು, ವೊಲೊಫ್ ಮತ್ತು ಸೆರೆರ್ ಭಾಷೆಗಳೊಂದಿಗೆ ಅವರ ಮಾತಿಗಿರುವ ಹೋಲಿಕೆ ಬೀಳಲಿಲ್ಲ. ಅಮೆರಿಕದ ಜೋಸೆಫ್ ಗ್ರೀನ್‌ಬರ್ಗ್ ಆ ಶತಮಾನದ ಮಧ್ಯಭಾಗದಲ್ಲಿ ಪದಗಳನ್ನೂ ಪ್ರತ್ಯಯಗಳನ್ನೂ ಹೋಲಿಸಿ, ಫುಲಾ ಆ ಎರಡರ ಸಂಬಂಧಿ, ನೈಜರ್-ಕಾಂಗೊ ಕುಟುಂಬದ ಅಟ್ಲಾಂಟಿಕ್ ಕವಲಿಗೆ ಸೇರಿದ್ದು ಎಂದು ತೋರಿಸಿದನು. ಜನರ ಮೂಗು ನೋಡಿ ಭಾಷೆಯ ಕುಲ ಹೇಳಿದ ಈ ಪ್ರಸಂಗ ನನಗೆ ಪಾಂಡಿತ್ಯದ ತಪ್ಪಿಗಿಂತ ಹೆಚ್ಚಾಗಿ ಅಹಂಕಾರದ ತಪ್ಪಾಗಿ ಕಾಣುತ್ತದೆ.

ಇನ್ನು ಸಮಾನತೆಯ ಪ್ರಶ್ನೆ. ಫುಲಾದಲ್ಲಿ ‘ಒ ಯಹಿ’ ಎಂದರೆ ‘ಹೋದನು’ ಎಂದೂ ಆಗಬಹುದು, ‘ಹೋದಳು’ ಎಂದೂ ಆಗಬಹುದು. ನೈಜೀರಿಯಾದ ಯೊರುಬಾದಲ್ಲಿ ಅಷ್ಟೂ ಭೇದವಿಲ್ಲ, ‘ಓ’ ಎಂಬ ಒಂದೇ ಪದ ಅವನು, ಅವಳು, ಅದು ಮೂರಕ್ಕೂ ಸಲ್ಲುತ್ತದೆ. ಯೊರುಬಾದಲ್ಲಿ ಅಣ್ಣ ಅಕ್ಕ ಇಬ್ಬರಿಗೂ ‘ಎಗ್ಬೊನ್’, ತಮ್ಮ ತಂಗಿ ಇಬ್ಬರಿಗೂ ‘ಅಬುರೊ’. ಗಂಡೋ ಹೆಣ್ಣೋ ಎನ್ನುವುದಕ್ಕಿಂತ ಹಿರಿಯರೋ ಕಿರಿಯರೋ ಎಂಬುದೇ ಆ ಪದಗಳಿಗೆ ಮುಖ್ಯ, ಹಿರಿಯರಿಗೆ ಬಹುವಚನ ಹಚ್ಚಿ ಗೌರವಿಸುವುದೂ ನಮ್ಮಂತೆಯೇ. ಆದರೆ ಈ ಯಾವ ಸಮಾಜದಲ್ಲಿಯೂ ಸರ್ವನಾಮ ಒಂದೇ ಇದ್ದ ಮಾತ್ರಕ್ಕೆ ಆಸ್ತಿ, ಅಧಿಕಾರ, ಮನೆಗೆಲಸಗಳು ಸಮನಾಗಿ ಹಂಚಿಕೆಯಾಗಲಿಲ್ಲ. ಪಾರಸಿಯ ‘ಊ’ ಕೂಡ ಅವನಿಗೂ ಅವಳಿಗೂ ಒಂದೇ. ಆ ಭಾಷೆಯಲ್ಲಿ ದರ್ಬಾರು ನಡೆಸಿದ ಬಹಮನಿ ಸುಲ್ತಾನರ ಗದ್ದುಗೆಯಲ್ಲಿ ಎಷ್ಟು ಮಂದಿ ಹೆಂಗಸರು ಕುಳಿತರು ಎಂದು ನೋಡಿದರೆ ಸಾಕು.

ವ್ಯಾಕರಣ ಮನಸ್ಸಿನ ಮಾತು ಕೇಳದೆ ತನ್ನ ದಾರಿ ಹಿಡಿಯುವುದಕ್ಕೆ ಉದಾಹರಣೆ ನಿಮ್ಮ ಜಿಲ್ಲೆಯಲ್ಲೇ ಇದೆ. ಮುದನೂರಿನ ಜೇಡರ ದಾಸಿಮಯ್ಯನು, ಒಳಗೆ ಸುಳಿಯುವುದು ಹೆಣ್ಣೂ ಅಲ್ಲ ಗಂಡೂ ಅಲ್ಲ ಎಂದು ಹೇಳಿದ ವಚನವನ್ನು ನೀವು ಬಲ್ಲಿರಿ. ಅಲ್ಲಿ ಅವನು ಬಳಸಿದ ಪದ ‘ಆತ್ಮನು’. ಗಂಡಲ್ಲ ಎಂದು ಸಾರುವ ವಾಕ್ಯದ ಕರ್ತೃಪದಕ್ಕೇ ಪುಲ್ಲಿಂಗದ ‘ನು’ ಅಂಟಿಕೊಂಡಿದೆ. ಇದು ವಚನಕಾರನ ದೋಷವಲ್ಲ. ಕನ್ನಡದಲ್ಲಿ ‘ಯಾರು’ ಎಂಬ ಪ್ರಶ್ನೆಗೆ ಉತ್ತರವಾಗುವ ಏಕವಚನ ಪದ ‘ಅವನು’ ಅಥವಾ ‘ಅವಳು’ ಆಗಲೇಬೇಕು, ಫುಲಾದ ‘ಒ’ದಂಥ ಮೂರನೆಯ ಬಾಗಿಲು ಇಲ್ಲಿಲ್ಲ. ಅದರಿಂದ ತಪ್ಪಿಸಿಕೊಳ್ಳಲು ನಾವು ಗೌರವದ ‘ಅವರು’ ಹಿಡಿಯುತ್ತೇವೆ, ಇಲ್ಲವೇ ‘ಮಗು ಅತ್ತಿತು’ ಎನ್ನುವಾಗಿನಂತೆ ‘ಅದು’ ಎಂಬಲ್ಲಿಗೆ ಇಳಿಯುತ್ತೇವೆ. ಹವ್ಯಕರ ಮಾತಿನಲ್ಲಿ ಮನೆಯ ಹೆಂಗಸರನ್ನು ಕುರಿತು ‘ಅಕ್ಕ ಬಂತು’ ಎಂದು ನಪುಂಸಕದಲ್ಲೇ ಹೇಳುತ್ತಾರೆ, ಅದರಲ್ಲಿ ಅಗೌರವದ ಸೋಂಕೂ ಇಲ್ಲ.

ಇನ್ನೂ ಹತ್ತಿರದ ನಿದರ್ಶನ ಬೇಕಾದರೆ ಗುರುಮಠಕಲ್ ಸಂತೆಗೆ ಹೋಗಿ ನಿಲ್ಲಬಹುದು. ಅಲ್ಲಿ ಬುಟ್ಟಿ ಹೊತ್ತು ಬರುವ ಒಬ್ಬ ಹೆಂಗಸನ್ನು ಕಂಡು ಕನ್ನಡದವರು ‘ಆಕಿ ಬಂದಾಳ’ ಎನ್ನುತ್ತಾರೆ, ತೆಲುಗಿನವರು ‘ವಚ್ಚಿಂದಿ’ ಎನ್ನುತ್ತಾರೆ, ಆಕೆಯ ಹಿಂದೆ ಬರುವ ಎಮ್ಮೆಗೂ ಅವರು ‘ವಚ್ಚಿಂದಿ’ ಎಂದೇ ಹೇಳುತ್ತಾರೆ. ಆಕೆಯ ಜೊತೆಗೆ ಇನ್ನೊಬ್ಬ ಹೆಂಗಸು ಬಂದು ಕೂಡಿದರೆ ಅದೇ ತೆಲುಗು ‘ವಚ್ಚಾರು’ ಎಂದು ಇಬ್ಬರನ್ನೂ ಗಂಡಸರ ಸಾಲಿಗೆ ಸೇರಿಸುತ್ತದೆ, ಎಮ್ಮೆಗಳು ಎರಡಾದರೂ ಹತ್ತಾದರೂ ಆ ಸಾಲಿಗೆ ಬರುವುದಿಲ್ಲ.